ಮಲೆನಾಡಿನ ಚಿತ್ತಾರವೂ ಭೂಮಿ ಹುಣ್ಣಿಮೆಯ ಬುಟ್ಟಿಯೂ

ಒಕ್ಕಲುತನವೆಂದರೆ ಉಳುವುದು, ಬಿತ್ತುವುದು, ಕಳೆ ತೆಗೆಯುವುದು, ಕೊಯ್ಯುವುದು ಇಷ್ಟೇ ಎಂದು ತಿಳಿದವರು ಅನೇಕರಿರುವರು. ಬೇಸಾಯದ ಅನುಭವವು ಗದ್ದೆಯ ಬದುವಿನೊಳಗೆ ಮಾತ್ರ ನಿಲ್ಲದೆ ರೈತನ ಮನೆಯ ಗೋಡೆಗೂ, ಬಿದಿರಿನ ಬುಟ್ಟಿಗೂ, ಹೆಂಗಸರ ಹಾಡಿಗೂ ಹಬ್ಬಿಕೊಂಡಿರುವುದಕ್ಕೆ ಪಶ್ಚಿಮ ಮಲೆನಾಡಿನ ದೀವರ ಹೆಂಗಸರು ಬರೆಯುವ ಚಿತ್ತಾರವು ಒಳ್ಳೆಯ ನಿದರ್ಶನವಾಗಿದೆ. ದೀವರು ಈ ಸೀಮೆಯಲ್ಲಿ ಬಹುಕಾಲದಿಂದ ನೆಲೆಸಿರುವ ಒಕ್ಕಲು ಸಮುದಾಯದವರು. ಶಿವಮೊಗ್ಗ ಜಿಲ್ಲೆಯ ಸಾಗರ, ಸೊರಬ, ಹೊಸನಗರ ತಾಲ್ಲೂಕುಗಳಲ್ಲಿಯೂ, ಉತ್ತರ ಕನ್ನಡ ಜಿಲ್ಲೆಯ ಸಿದ್ದಾಪುರ ತಾಲ್ಲೂಕಿನಲ್ಲಿಯೂ ಇವರ ವಾಸವು ಹೆಚ್ಚು. ಬತ್ತವೇ ಇವರ ಮುಖ್ಯ ಬೆಳೆ.

ಈ ಚಿತ್ತಾರಕ್ಕೆ ಬೇಕಾದ ಪದಾರ್ಥಗಳಲ್ಲಿ ಬಹುಭಾಗವು ರೈತನ ಗದ್ದೆಯಿಂದಲೂ ಹಿತ್ತಿಲಿನಿಂದಲೂ ಊರಿನ ಕಾಡಿನಿಂದಲೂ ದೊರೆಯುವಂಥವು. ಇದನ್ನು ಕಲಿಸುವವರು ಮನೆಯ ಹಿರಿಯ ಹೆಂಗಸರು. ಕಲಿಯುವವರು ಅವರ ಪಕ್ಕದಲ್ಲಿ ಕುಳಿತ ಹುಡುಗಿಯರು. ಆದುದರಿಂದ ಈ ವಿದ್ಯೆಯ ಉಳಿವು ಅಳಿವುಗಳು ಒಕ್ಕಲಿಗನ ಮನೆಯಲ್ಲಿಯೇ ತೀರ್ಮಾನವಾಗತಕ್ಕವು. ಕಲಾಪ್ರಿಯರಿಗೆ ಮಾತ್ರ ಸಂಬಂಧಿಸಿದ ವಿಷಯವೆಂದು ರೈತರು ಇದನ್ನು ಬದಿಗಿಡಲಾಗದು.

ಬಣ್ಣಗಳೂ ಕುಂಚವೂ

ಚಿತ್ತಾರದಲ್ಲಿ ಬಳಕೆಯಾಗುವ ಬಣ್ಣಗಳು ನಾಲ್ಕೇ: ಕೆಂಪು, ಬಿಳಿ, ಕಪ್ಪು, ಹಳದಿ. ಕೆಮ್ಮಣ್ಣನ್ನು ಕುಟ್ಟಿ, ನೀರಿನಲ್ಲಿ ಕದಡಿ, ಹರಳು ಮರಳುಗಳನ್ನು ಸೋಸಿ ತೆಗೆದರೆ ಕೆಂಪು ಸಿದ್ಧವಾಗುವುದು. ಗೋಡೆಗೆ ಮೊದಲು ಬಳಿಯುವುದು ಇದನ್ನೇ. ಅಕ್ಕಿಯನ್ನು ನೆನೆಯಹಾಕಿ ನುಣ್ಣಗೆ ಅರೆದರೆ ಬಿಳಿಯ ಬಣ್ಣ. ಅದೇ ಅಕ್ಕಿಯನ್ನು ಕರ್ರಗಾಗುವವರೆಗೆ ಹುರಿದು, ನೀರು ಸೇರಿಸಿ ಅರೆದರೆ ಕಪ್ಪು. ಗುರಿಗೆ ಕಾಯಿಯ ಬೀಜದಿಂದ ಹಳದಿ ಬರುವುದು. ಹೀಗೆ ನಾಲ್ಕು ಬಣ್ಣಗಳಲ್ಲಿ ಎರಡಕ್ಕೆ ಅಕ್ಕಿಯೇ ಮೂಲವಾಗಿರುವುದನ್ನು ಗಮನಿಸಬೇಕು.

ಕುಂಚಕ್ಕೆ ಪುಂಡಿಯ ನಾರೇ ಆಧಾರ. ಪುಂಡಿ ಗಿಡದ ತೊಗಟೆಯಿಂದ ತೆಗೆದ ನಾರನ್ನು ಬೇಕಾದ ಅಳತೆಗೆ ಕತ್ತರಿಸಿ, ತುದಿಯನ್ನು ಹದಮಾಡಿಕೊಂಡು, ಬಣ್ಣದಲ್ಲಿ ಅದ್ದಿ ಬರೆಯುವರು. ತೆಳು ಗೆರೆಗೆ ಕೆಲವೇ ಎಳೆಗಳು ಸಾಕು. ದಪ್ಪ ಗೆರೆಗೆ ಹೆಚ್ಚು ಎಳೆಗಳು ಬೇಕು. ನಾರಿಗೆ ಬಣ್ಣವನ್ನು ಹಿಡಿದಿಟ್ಟುಕೊಂಡು ನಿಧಾನವಾಗಿ ಬಿಡುವ ಗುಣವಿರುವುದರಿಂದ ಉದ್ದವಾದ ಗೆರೆಯು ನಡುವೆ ಕಡಿಯದೆ ಬರುವುದು. ಅಳತೆಪಟ್ಟಿಯ ಸಹಾಯವಿಲ್ಲದೆ, ಕೈಯ ಹಿಡಿತ ಒಂದರಿಂದಲೇ ಇವರು ಎಳೆಯುವ ಸಮಾನಾಂತರ ರೇಖೆಗಳನ್ನು ನೋಡಿದವರು ಬೆರಗಾಗುವುದು ಸಹಜ.

ಹಸೆಗೋಡೆ

ಚಿತ್ತಾರಗಳಲ್ಲಿ ಮದುವೆಯ ಹಸೆ ಚಿತ್ತಾರವು ಪ್ರಧಾನವಾದುದು. ಮದುವೆಯ ಮನೆಯಲ್ಲಿ ವಧೂವರರು ಕುಳಿತುಕೊಳ್ಳುವ ಹಸೆಯ ಹಿಂದಿನ ಗೋಡೆಯನ್ನು ಸಾರಿಸಿ, ಕೆಮ್ಮಣ್ಣು ಬಳಿದು, ಅದರ ಮೇಲೆ ಚೌಕಾಕಾರದ ದೊಡ್ಡ ಚಿತ್ತಾರವನ್ನು ಬರೆಯುವರು. ಮೊದಲು ಅಂಚು, ಆಮೇಲೆ ಒಳಗಿನ ಮನೆಗಳು, ಕೊನೆಗೆ ಚಿಕ್ಕ ಚಿಕ್ಕ ಆಕೃತಿಗಳು, ಹೀಗೆ ಕೆಲಸವು ಸಾಗುವುದು. ಬರಿಯ ಗೆರೆಗೆ ‘ಎಳೆ’ ಎಂದು ಹೆಸರು. ‘ನಿಲಿ’, ‘ಪಪ್ಪಲಿ’, ‘ಜೋಗಿ ಜಡೆ’ ಮುಂತಾದ ಹೆಸರುಳ್ಳ ನಮೂನೆಗಳು ಈ ಎಳೆಗಳಿಂದಲೇ ಕಟ್ಟಲ್ಪಡುತ್ತವೆ. ಬಾಸಿಂಗ, ಬತ್ತದ ಪೈರು, ಹಕ್ಕಿ, ವಧೂವರರ ಗೊಂಬೆ ಇವು ನಡುನಡುವೆ ಬರುವುವು.

ಈ ಕೆಲಸವನ್ನು ಒಬ್ಬಳೇ ಮಾಡುವ ಪದ್ಧತಿಯಿಲ್ಲ. ಗೆರೆ ಹಾಕುವುದರಲ್ಲಿ ನುರಿತವಳು ಮುಂದೆ ನಿಲ್ಲುವಳು. ಇಬ್ಬರು ಮೂವರು ಅವಳೊಡನೆ ಎಳೆಗಳನ್ನು ತುಂಬುವರು. ಕೆಲವರು ಬಣ್ಣ ಅರೆದುಕೊಡುವರು. ಹಿರಿಯರು ಹಾಡು ಹೇಳುವರು. ಹಸೆ ಬರೆಯುವುದಕ್ಕೆಂದೇ ಹಾಡುಗಳಿವೆ. ಹಾಡು ಕೈಯ ವೇಗವನ್ನು ಒಂದೇ ಸಮನಾಗಿ ಇಡುವುದಲ್ಲದೆ, ಬೇಸರವನ್ನೂ ಕಳೆಯುವುದು.

ಕಲಿಯುವ ಬಗೆ

ಈ ವಿದ್ಯೆಗೆ ಪುಸ್ತಕವಿಲ್ಲ, ಪರೀಕ್ಷೆಯಿಲ್ಲ. ಆದರೂ ಒಂದು ಕ್ರಮವುಂಟು. ಚಿಕ್ಕ ಹುಡುಗಿಯು ಮೊದಲು ಅಕ್ಕಿ ಅರೆಯುವಲ್ಲಿ ನೆರವಾಗುವಳು. ಬಣ್ಣವು ಎಷ್ಟು ತೆಳುವಾದರೆ ಗೋಡೆಯ ಮೇಲೆ ಹರಿಯುವುದು, ಎಷ್ಟು ಗಟ್ಟಿಯಾದರೆ ನಾರಿನಿಂದ ಇಳಿಯದು ಎಂಬುದನ್ನು ಅವಳ ಬೆರಳುಗಳೇ ತಿಳಿದುಕೊಳ್ಳುವುವು. ಅನಂತರ ನಾರನ್ನು ಹದಮಾಡುವುದು. ಆಮೇಲೆ ದೊಡ್ಡವರು ಹಾಕಿದ ಎರಡು ಗೆರೆಗಳ ನಡುವೆ ಚುಕ್ಕೆ ಇಡುವುದು. ಮೊದಲ ಗೆರೆ ಎಳೆಯಲು ಅವಳಿಗೆ ಅವಕಾಶ ಸಿಗುವುದು ಬಹುಶಃ ಬುಟ್ಟಿಯ ಮೇಲೆ. ಏಕೆಂದರೆ ಬುಟ್ಟಿಯಲ್ಲಿ ತಪ್ಪಾದರೆ ಅಷ್ಟು ಭಾಗಕ್ಕೆ ಮತ್ತೆ ಕೆಮ್ಮಣ್ಣು ಬಳಿದು ಸರಿಪಡಿಸುವುದು ಸುಲಭ. ಮದುವೆಯ ಹಸೆಗೋಡೆಗೆ ಕೈಯಿಡುವುದು ಹಲವು ವರ್ಷಗಳ ಅಭ್ಯಾಸದ ಮೇಲೆಯೇ.

ಬೇರೆ ಊರಿಗೆ ಮದುವೆಯಾಗಿ ಹೋದ ಹೆಂಗಸು ತನ್ನ ತವರಿನ ನಮೂನೆಗಳನ್ನು ಜತೆಗೆ ಕೊಂಡೊಯ್ಯುವಳು. ಗಂಡನ ಮನೆಯ ನಮೂನೆಗಳನ್ನು ಅತ್ತೆಯಿಂದಲೂ ನಾದಿನಿಯರಿಂದಲೂ ಕಲಿಯುವಳು. ಹೀಗೆ ನಮೂನೆಗಳು ಊರಿಂದೂರಿಗೆ ಹರಡಿ ಬಂದಿವೆ. ರೈತರಲ್ಲಿ ಬಿತ್ತನೆಯ ಬೀಜವು ಬೀಗತನದ ಮೂಲಕ ಒಂದೂರಿನಿಂದ ಮತ್ತೊಂದೂರಿಗೆ ಹೋಗುತ್ತಿದ್ದ ರೀತಿಗೂ ಇದಕ್ಕೂ ಬಹಳ ಹೋಲಿಕೆಯಿದೆ. ಬೀಜವನ್ನು ಪ್ರತಿವರ್ಷ ಬಿತ್ತದಿದ್ದರೆ ಅದು ಮೊಳಕೆಯ ಶಕ್ತಿಯನ್ನು ಕಳೆದುಕೊಳ್ಳುವಂತೆ, ಈ ವಿದ್ಯೆಯೂ ಒಂದು ತಲೆಮಾರು ಕೈಬಿಟ್ಟರೆ ಮರೆತುಹೋಗುವುದು.

ಭೂಮಿ ಹುಣ್ಣಿಮೆ

ಆಶ್ವಯುಜ ಮಾಸದ ಹುಣ್ಣಿಮೆಯನ್ನು ಮಲೆನಾಡಿನಲ್ಲಿ ಭೂಮಿ ಹುಣ್ಣಿಮೆ ಎಂದು ಕರೆಯುವರು. ಬಯಲುಸೀಮೆಯಲ್ಲಿ ಇದೇ ದಿನಕ್ಕೆ ಸೀಗೆ ಹುಣ್ಣಿಮೆ ಎಂದು ಹೆಸರು. ಆಗ ಬತ್ತದ ಪೈರು ಹೊಡೆ ತುಂಬಿ ನಿಂತಿರುವುದು. ಪೈರು ಹೊತ್ತ ಭೂಮಿಯನ್ನು ಬಸುರಿಯಾದ ಮಗಳಂತೆ ಭಾವಿಸಿ, ಅವಳಿಗೆ ಬಯಕೆಯ ಊಟವನ್ನು ಒಯ್ದು ಬಡಿಸುವುದೇ ಈ ಹಬ್ಬದ ಸಾರ.

ಊಟವನ್ನು ಒಯ್ಯುವುದಕ್ಕೆ ಎರಡು ಬಿದಿರಿನ ಬುಟ್ಟಿಗಳು ಬೇಕು. ದೊಡ್ಡದಕ್ಕೆ ಭೂಮಣ್ಣಿ ಬುಟ್ಟಿಯೆಂದೂ, ಚಿಕ್ಕದಕ್ಕೆ ಅಚ್ಚಂಬಲಿ ಬುಟ್ಟಿಯೆಂದೂ ಹೆಸರು. ಮಹಾನವಮಿ ಕಳೆದೊಡನೆ ಹೆಂಗಸರು ಬುಟ್ಟಿಗಳನ್ನು ಹೊರತೆಗೆದು, ಸಗಣಿಯಿಂದ ಸಾರಿಸಿ ಸಂದುಗಳನ್ನು ಮುಚ್ಚಿ, ಒಣಗಿದ ಮೇಲೆ ಕೆಮ್ಮಣ್ಣು ಬಳಿಯುವರು. ಹುಣ್ಣಿಮೆಯೊಳಗಾಗಿ ಅದರ ಮೇಲೆ ಚಿತ್ತಾರವು ಪೂರ್ಣವಾಗಬೇಕು. ಮನೆಗೆಲಸ ಮುಗಿದ ಮೇಲೆ ಮಧ್ಯಾಹ್ನದ ಹೊತ್ತಿನಲ್ಲಿಯೂ ರಾತ್ರಿಯಲ್ಲಿಯೂ ತಾಯಿ, ಮಗಳು, ಸೊಸೆ, ನೆರೆಮನೆಯವರು ಸುತ್ತ ಕುಳಿತು ಬರೆಯುವರು. ಬುಟ್ಟಿಯ ಮೇಲೆ ಬತ್ತದ ಸಸಿ, ಅಡಕೆಯ ಮರ, ಎತ್ತಿನ ಗಾಡಿ, ಗದ್ದೆಯಲ್ಲಿ ದುಡಿಯುವ ಮನುಷ್ಯರು ಮೂಡುವರು.

ಹುಣ್ಣಿಮೆಯ ಹಿಂದಿನ ರಾತ್ರಿ ಹೆಂಗಸರಿಗೆ ನಿದ್ರೆಯಿಲ್ಲ. ಕಡುಬು, ಪಾಯಸ, ಚಿತ್ರಾನ್ನ, ಮೊಸರನ್ನ ಮುಂತಾದ ಅಡಿಗೆಗಳು ಬೆಳಗಾಗುವುದರೊಳಗೆ ಸಿದ್ಧವಾಗಬೇಕು. ಹಿತ್ತಿಲು, ಬೇಲಿ, ಕಾಡಂಚುಗಳಿಂದ ಆರಿಸಿ ತಂದ ಹಲವು ಬಗೆಯ ಸೊಪ್ಪಿನ ಕುಡಿಗಳನ್ನು ಬೇಯಿಸಿ ಅನ್ನದೊಡನೆ ಬೆರೆಸಿ ಅಚ್ಚಂಬಲಿ ಬುಟ್ಟಿಗೆ ತುಂಬುವರು. ನೂರೊಂದು ಕುಡಿ ಎಂದು ಹೇಳುವುದು ವಾಡಿಕೆ. ಯಾವ ಕುಡಿ ತಿನ್ನತಕ್ಕದ್ದು, ಯಾವುದು ತಿನ್ನಬಾರದ್ದು, ಯಾವುದು ಯಾವ ಬದುವಿನಲ್ಲಿ ಚಿಗುರುವುದು ಎಂಬ ತಿಳಿವಳಿಕೆಯು ಹುಡುಗಿಯರಿಗೆ ದೊರೆಯುವುದು ಈ ಸೊಪ್ಪು ಕೊಯ್ಯುವ ಹೊತ್ತಿನಲ್ಲಿಯೇ. ಬೆಳಕು ಹರಿಯುವ ಮುನ್ನ ಮನೆಯ ಗಂಡಸು ದೊಂದಿ ಹಿಡಿದು ಈ ಬೆರಕೆಯನ್ನು ಗದ್ದೆಯ ಸುತ್ತ ಬೀರಿ ಬರುವನು. ಹೊತ್ತು ಮೂಡಿದ ಮೇಲೆ ದೊಡ್ಡ ಬುಟ್ಟಿಯೊಡನೆ ಮನೆಮಂದಿಯೆಲ್ಲರೂ ಗದ್ದೆಗೆ ಹೋಗಿ, ಪೈರಿನ ಬುಡದಲ್ಲಿ ಪೂಜೆಮಾಡಿ, ಎಡೆಯಿಟ್ಟು, ಅಲ್ಲಿಯೇ ಊಟಮಾಡುವರು. ಕಾಗೆಗೂ ಇಲಿಗೂ ಒಂದೊಂದು ಎಡೆಯನ್ನು ಬಿಡುವುದುಂಟು. ವಿವರಗಳಲ್ಲಿ ಊರಿಂದೂರಿಗೆ ಸ್ವಲ್ಪ ಸ್ವಲ್ಪ ವ್ಯತ್ಯಾಸಗಳಿವೆ.

ಹೀಗೆ ಬೀರುವ ಬೆರಕೆಯನ್ನು ಕೀಟ ನಿವಾರಣೆಯ ಔಷಧವೆಂದು ಯಾರೂ ಭಾವಿಸಬಾರದು. ಕಾಂಡಕೊರಕವಾಗಲಿ ಬೆಂಕಿರೋಗವಾಗಲಿ ಕಂಡುಬಂದರೆ ಅದಕ್ಕೆ ತಕ್ಕ ಉಪಾಯವನ್ನೇ ಮಾಡಬೇಕು. ಆದರೆ ಹಬ್ಬದಲ್ಲಿ ಬೇಸಾಯಕ್ಕೆ ನೇರವಾಗಿ ಸಂಬಂಧಿಸಿದ ಒಂದು ಪ್ರಯೋಜನವಿದೆ. ಬತ್ತಕ್ಕೆ ಹೊಡೆಯ ಕಾಲವು ಬಹಳ ಸೂಕ್ಷ್ಮವಾದುದು. ಆಗ ನೀರು ಕಡಿಮೆಯಾದರೆ ತೆನೆಯಲ್ಲಿ ಜೊಳ್ಳು ಹೆಚ್ಚುವುದು. ಮುಂಗಾರು ಹಿಂದೆಗೆಯುವ ಸಮಯವೂ ಅದೇ. ಇಂಥ ಸಂದರ್ಭದಲ್ಲಿ ಮನೆಯ ಸಮಸ್ತರೂ ಗದ್ದೆಗೆ ಹೋಗಿ ಪೈರನ್ನು ಬುಡದಿಂದ ತುದಿಯವರೆಗೆ ನೋಡಿ ಬರುವುದು ಸಾಮಾನ್ಯ ಲಾಭವಲ್ಲ. ಬದು ಒಡೆದಿದ್ದರೆ, ನೀರು ಬತ್ತಿದ್ದರೆ, ರೋಗ ತಗಲಿದ್ದರೆ ಆ ದಿನ ಕಣ್ಣಿಗೆ ಬೀಳದೆ ಹೋಗದು.

ಹಬ್ಬವೂ ಬತ್ತದ ತಳಿಯೂ

ಹುಣ್ಣಿಮೆಯ ದಿನವು ಚಾಂದ್ರಮಾನದಂತೆ ವರ್ಷದಿಂದ ವರ್ಷಕ್ಕೆ ಹಿಂದುಮುಂದಾಗುವುದು. ೨೦೨೩ರಲ್ಲಿ ಅದು ಅಕ್ಟೋಬರ್ ೨೮ರಂದು ಬಂದಿತು. ೨೦೨೪ರಲ್ಲಿ ಅಕ್ಟೋಬರ್ ೧೭ರಂದು. ಹಾಗಾದರೂ ಹೊಡೆಯ ಕಾಲಕ್ಕೂ ಹಬ್ಬಕ್ಕೂ ಹಿಂದಿನವರಿಗೆ ಸಾಮಾನ್ಯವಾಗಿ ಹೊಂದಿಕೆಯಾಗುತ್ತಿದ್ದುದಕ್ಕೆ ಕಾರಣವು ಅವರು ಬೆಳೆಯುತ್ತಿದ್ದ ತಳಿಗಳಲ್ಲಿದೆ. ಮಳೆಗಾಲದ ಹಳೆಯ ದೀರ್ಘಾವಧಿ ತಳಿಗಳಲ್ಲಿ ಹಲವು ಹಗಲಿನ ಅವಧಿಯನ್ನು ಅನುಸರಿಸಿ ತೆನೆ ಹೊರಡಿಸುವಂಥವು. ಬಿತ್ತನೆಯು ಹದಿನೈದು ದಿನ ಮುಂದಾದರೂ ಹಿಂದಾದರೂ, ಶರತ್ಕಾಲದಲ್ಲಿ ಹಗಲು ಕುಗ್ಗಿದೊಡನೆ ಅವು ಬಹುಮಟ್ಟಿಗೆ ಒಂದೇ ಕಾಲಕ್ಕೆ ಹೊಡೆಯಾಡುವುವು.

೧೯೬೬ರಲ್ಲಿ ಬಂದ ಐ. ಆರ್. ೮, ೧೯೬೮ರಲ್ಲಿ ಬಂದ ಜಯಾ ಮುಂತಾದ ಅಧಿಕ ಇಳುವರಿಯ ತಳಿಗಳ ಸ್ವಭಾವವು ಬೇರೆ. ಇವು ಹಗಲಿನ ಅವಧಿಗೆ ಅಷ್ಟಾಗಿ ಗಮನಕೊಡದೆ, ಬಿತ್ತಿದ ದಿನದಿಂದ ಇಂತಿಷ್ಟು ದಿನಗಳಿಗೆ ತೆನೆಯಾಗುವುವು. ಆದುದರಿಂದ ಇಂಥ ತಳಿಯನ್ನು ಬೇಗ ಬಿತ್ತಿದ ಗದ್ದೆಯಲ್ಲಿ ಹುಣ್ಣಿಮೆಯ ಹೊತ್ತಿಗೆ ಕಾಳು ಬಲಿತಿರಬಹುದು; ತಡವಾಗಿ ನಾಟಿ ಮಾಡಿದಲ್ಲಿ ಇನ್ನೂ ತೆಂಡೆಯೊಡೆಯುತ್ತಿರಬಹುದು. ಅಧಿಕ ಇಳುವರಿಯನ್ನು ಬೇಡವೆನ್ನುವುದು ವಿವೇಕವಲ್ಲ. ಆದರೆ ಹಳೆಯ ತಳಿಯು ಊರಿನಿಂದ ಮಾಯವಾದರೆ, ಬೀಜದೊಡನೆ ಆ ಬೀಜದ ನಡತೆಯನ್ನು ಬಲ್ಲವರ ತಿಳಿವಳಿಕೆಯೂ ಮಾಯವಾಗುವುದೆಂಬುದಕ್ಕೆ ಈ ಹಬ್ಬವೇ ಸಾಕ್ಷಿ.

ಭೂಮಿ ಯಾರದು?

ಭೂಮಿಗೆ ಬಯಕೆಯ ಊಟ ಬಡಿಸಿದ ಈ ಹೆಂಗಸರ ಮನೆಗಳಲ್ಲಿ ಬಹುಪಾಲು ಗೇಣಿದಾರರ ಮನೆಗಳಾಗಿದ್ದುವು ಎಂಬುದನ್ನು ಮರೆಯಬಾರದು. ತಾವು ಪೂಜಿಸುತ್ತಿದ್ದ ಗದ್ದೆಯ ಮೇಲೆ ಅವರಿಗೆ ಹಕ್ಕಿರಲಿಲ್ಲ. ಬೆಳೆದ ಬತ್ತದಲ್ಲಿ ದೊಡ್ಡ ಪಾಲು ಗೇಣಿಯ ರೂಪದಲ್ಲಿ ಭೂಮಾಲಿಕರ ಕಣಜಕ್ಕೆ ಹೋಗುತ್ತಿತ್ತು. ಗೇಣಿ ಅಳೆಯುವ ಕೊಳಗದ ಅಳತೆಯೇ ವ್ಯಾಜ್ಯಕ್ಕೆ ಕಾರಣವಾಗಿ, ೧೯೫೧ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ರೈತರ ಸತ್ಯಾಗ್ರಹವು ನಡೆಯಿತು. ಎಚ್. ಗಣಪತಿಯಪ್ಪನವರು ರೈತರನ್ನು ಸಂಘಟಿಸಿದರು. ಶಾಂತವೇರಿ ಗೋಪಾಲಗೌಡರು ಮೊದಲಾದ ಸಮಾಜವಾದಿ ಮುಖಂಡರು ಅದನ್ನು ಮುನ್ನಡೆಸಿದರು. ರಾಮಮನೋಹರ ಲೋಹಿಯಾ ಅವರು ಅಲ್ಲಿಗೆ ಬಂದು ಬಂಧನಕ್ಕೊಳಗಾದರು. ಸತ್ಯಾಗ್ರಹದಲ್ಲಿ ಪಾಲುಗೊಂಡ ಗೇಣಿದಾರರಲ್ಲಿ ದೀವರೇ ಹೆಚ್ಚಿನವರು.

೧೯೬೧ರ ಭೂಸುಧಾರಣಾ ಶಾಸನಕ್ಕೆ ತಂದ ತಿದ್ದುಪಡಿಯು ೧೯೭೪ರ ಮಾರ್ಚ್ ೧ರಿಂದ ಜಾರಿಗೆ ಬಂದ ಮೇಲೆ ಉಳುವವನಿಗೆ ಭೂಮಿಯ ಒಡೆತನ ದೊರೆಯಲು ದಾರಿಯಾಯಿತು. ಆಗ ಈ ಸೀಮೆಯ ಅನೇಕ ಮನೆಗಳವರು ತಮ್ಮ ಸ್ವಂತ ಗದ್ದೆಗೆ ಭೂಮಣ್ಣಿ ಬುಟ್ಟಿಯನ್ನು ಮೊದಲ ಬಾರಿಗೆ ಹೊತ್ತರು. ಒಡೆತನವಿಲ್ಲದ ಕಾಲದಲ್ಲಿಯೂ ಬುಟ್ಟಿಯ ಚಿತ್ತಾರವು ಬಿಟ್ಟುಹೋಗಲಿಲ್ಲ. ಅಕ್ಕಿಗೆ ಅಭಾವವಿದ್ದ ವರ್ಷದಲ್ಲಿಯೂ ಬಣ್ಣಕ್ಕೆಂದು ಒಂದು ಹಿಡಿಯನ್ನು ಎತ್ತಿಟ್ಟ ಹೆಂಗಸರಿಂದಲೇ ಅದು ಇಂದಿನವರೆಗೆ ಬಂದಿದೆ.

ಇದರ ನಡುವೆ ೧೯೬೪ರಲ್ಲಿ ಪೂರ್ಣಗೊಂಡ ಲಿಂಗನಮಕ್ಕಿ ಜಲಾಶಯದಿಂದ ಶರಾವತಿಯ ಕಣಿವೆಯ ಅನೇಕ ಊರುಗಳು ಮುಳುಗಡೆಯಾದುವು. ನಾಡಿಗೆ ವಿದ್ಯುತ್ತು ದೊರೆಯಿತು. ಕಣಿವೆಯ ಒಕ್ಕಲುಗಳು ಚದುರಿದುವು. ಒಂದೇ ಕೇರಿಯಲ್ಲಿ ಕೂಡಿ ಬರೆಯುತ್ತಿದ್ದ ಹೆಂಗಸರು ದೂರದೂರದ ಊರುಗಳಿಗೆ ಹಂಚಿಹೋದರು. ಗೋಡೆಯು ನೀರಿನ ಪಾಲಾದರೂ ಕೈಯಲ್ಲಿದ್ದ ನಮೂನೆಗಳು ಅವರೊಡನೆ ಹೋಗಿ ಹೊಸ ಊರುಗಳಲ್ಲಿ ಮತ್ತೆ ಕಾಣಿಸಿಕೊಂಡುವು.

ಈಗಿನ ಸ್ಥಿತಿ

ಈಚೆಗೆ ಚಿತ್ತಾರಕ್ಕೆ ಹೊರಗಿನ ಮನ್ನಣೆಯು ಬೆಳೆದಿದೆ. ಕಾಗದ, ಬಟ್ಟೆ, ಮರದ ಹಲಗೆಗಳ ಮೇಲೆ ಬರೆದ ಚಿತ್ತಾರಗಳಿಗೆ ಪೇಟೆಯಲ್ಲಿ ಗಿರಾಕಿಗಳಿದ್ದಾರೆ. ಕೆಲವು ಮನೆಗಳಿಗೆ ಇದರಿಂದ ಆದಾಯವೂ ಉಂಟು. ಇದು ಸಂತೋಷದ ಸಂಗತಿ. ಆದರೆ ಊರಿನೊಳಗಿನ ಸ್ಥಿತಿಯು ಅಷ್ಟು ತೃಪ್ತಿಕರವಾಗಿಲ್ಲ. ಮಣ್ಣಿನ ಗೋಡೆಗಳ ಬದಲು ಸಿಮೆಂಟಿನ ಗೋಡೆಗಳು ಬಂದಿವೆ. ಎಣ್ಣೆಬಣ್ಣ ಹಚ್ಚಿದ ಗೋಡೆಯ ಮೇಲೆ ಕೆಮ್ಮಣ್ಣು ನಿಲ್ಲದು. ಅಂಗಡಿಯ ಬಣ್ಣವೂ ಕುಂಚವೂ ಸುಲಭವಾಗಿ ಸಿಗುವುದರಿಂದ ಪುಂಡಿ, ಗುರಿಗೆಗಳನ್ನು ಕೇಳುವವರು ವಿರಳವಾಗುತ್ತಿದ್ದಾರೆ. ಹುಡುಗಿಯರು ಓದಿಗಾಗಿಯೂ ಕೆಲಸಕ್ಕಾಗಿಯೂ ಪಟ್ಟಣ ಸೇರುವುದರಿಂದ ಮಹಾನವಮಿಯಿಂದ ಹುಣ್ಣಿಮೆಯವರೆಗಿನ ಆ ಕೆಲವು ದಿನಗಳಲ್ಲಿ ಅಜ್ಜಿಯ ಪಕ್ಕದಲ್ಲಿ ಕೂರುವವರಿಲ್ಲ. ಓದು ಬೇಡವೆಂದು ಯಾರೂ ಹೇಳಲಾರರು; ಓದಿನೊಡನೆ ಇದನ್ನು ಹೊಂದಿಸುವ ಬಗೆಯನ್ನು ಹಿರಿಯರೇ ಹುಡುಕಬೇಕಾಗಿದೆ.

ಮಾಡತಕ್ಕ ಕೆಲಸಗಳು

ಇದಕ್ಕೆ ದೊಡ್ಡ ಬಂಡವಾಳವೇನೂ ಬೇಕಾಗಿಲ್ಲ. ಮಲೆನಾಡಿನ ರೈತರು ಈ ಮುಂದಿನ ಕೆಲವು ಕೆಲಸಗಳನ್ನು ತಮ್ಮ ಮನೆಯ ಮಟ್ಟಿಗೆ ಮಾಡಿಕೊಳ್ಳಬಹುದು.

ಮೊದಲನೆಯದು, ಪುಂಡಿಯ ಬೇಸಾಯ. ಹಿತ್ತಿಲಿನಲ್ಲಿ ನೀರು ನಿಲ್ಲದ ಒಂದು ಮೂಲೆಯಿದ್ದರೆ ಸಾಕು. ಮುಂಗಾರಿನ ಆರಂಭದಲ್ಲಿ ಬೀಜವನ್ನು ಸಾಲಿನಲ್ಲಿ ಒತ್ತಾಗಿ ಬಿತ್ತಬೇಕು. ಒತ್ತಾಗಿದ್ದರೆ ಗಿಡವು ಕವಲೊಡೆಯದೆ ನೆಟ್ಟಗೆ ಬೆಳೆದು ಉದ್ದವಾದ ನಾರು ದೊರೆಯುವುದು. ಎಳೆಯ ಎಲೆಗಳು ಹುಳಿಸೊಪ್ಪಾಗಿ ಅಡಿಗೆಗೆ ಬರುವುವು. ಹೂ ಬಿಡುವ ಕಾಲಕ್ಕೆ ಗಿಡಗಳನ್ನು ಕೊಯ್ದು, ಕಟ್ಟು ಕಟ್ಟಿ, ಹತ್ತರಿಂದ ಹದಿನೈದು ದಿನ ನೀರಿನಲ್ಲಿ ಕೊಳೆಹಾಕಿ, ತೊಗಟೆಯನ್ನು ಸುಲಿದು, ಚೆನ್ನಾಗಿ ತೊಳೆದು ಒಣಗಿಸಬೇಕು. ಹೆಚ್ಚು ದಿನ ಕೊಳೆತರೆ ನಾರು ಬಲಗುಂದುವುದು. ಕುಡಿಯುವ ನೀರಿನ ಕೆರೆಯಲ್ಲಿ ಮಾತ್ರ ಕೊಳೆಹಾಕಬಾರದು. ಬೀಜಕ್ಕಾಗಿ ನಾಲ್ಕಾರು ಗಿಡಗಳನ್ನು ಪೂರ್ಣವಾಗಿ ಬಲಿಯಲು ಬಿಡತಕ್ಕದ್ದು.

ಎರಡನೆಯದು, ಗುರಿಗೆ ಮತ್ತು ಬಿದಿರು. ಕಾಡಂಚಿನಲ್ಲಿಯೂ ಸೊಪ್ಪಿನ ಬೆಟ್ಟದಲ್ಲಿಯೂ ಉಳಿದಿರುವ ಗುರಿಗೆಯ ಮರಗಳನ್ನು ಕಡಿಯದೆ ಕಾಪಾಡಬೇಕು. ಬೇಲಿಯ ಸಾಲಿನಲ್ಲಿ ಒಂದೆರಡು ಬಿದಿರು ಮೆಳೆಗಳಿದ್ದರೆ ಬುಟ್ಟಿಗೆ ತೊಂದರೆಯಿಲ್ಲ. ಬುಟ್ಟಿ ಹೆಣೆಯುವವರ ಕಸುಬೂ ಉಳಿಯುವುದು.

ಮೂರನೆಯದು, ಬೀಜ. ಅಧಿಕ ಇಳುವರಿಯ ತಳಿಯನ್ನು ಬೆಳೆಯುವವರೂ ಒಂದು ಚಿಕ್ಕ ಮಡಿಯಲ್ಲಿ ಊರಿನ ಹಳೆಯ ತಳಿಯನ್ನು ಪ್ರತಿವರ್ಷ ಬೆಳೆದು, ಬೆರಕೆಯಾಗದಂತೆ ತೆನೆ ಆರಿಸಿ ಬೀಜ ಮಾಡಿಕೊಳ್ಳಬೇಕು. ಭೂಮಿ ಹುಣ್ಣಿಮೆಯ ಪೂಜೆಗೆ ಆ ಮಡಿಯೇ ತಕ್ಕ ಸ್ಥಳವಾಗುವುದು.

ನಾಲ್ಕನೆಯದು, ಗೋಡೆ. ಸಿಮೆಂಟಿನ ಮನೆಯವರು ಮರದ ಹಲಗೆಗೆ ಸಗಣಿ ಸಾರಿಸಿ ಕೆಮ್ಮಣ್ಣು ಬಳಿದು ಅದನ್ನೇ ಹಸೆಗೋಡೆಯಾಗಿ ಬಳಸಬಹುದು. ಮದುವೆ ಮುಗಿದ ಮೇಲೆ ಅದನ್ನು ಜೋಪಾನವಾಗಿ ಇಟ್ಟುಕೊಳ್ಳುವುದಕ್ಕೂ ಅನುಕೂಲವುಂಟು.

ಐದನೆಯದೂ ಎಲ್ಲಕ್ಕಿಂತ ಮುಖ್ಯವಾದುದೂ ಹೆಂಗಸರು ಕೂಡುವ ಹೊತ್ತು. ದಸರೆಯ ರಜೆಯು ಸಾಮಾನ್ಯವಾಗಿ ಬುಟ್ಟಿ ಬರೆಯುವ ಕಾಲಕ್ಕೇ ಬರುವುದು. ಊರಿನ ನಾಲ್ಕೈದು ಮನೆಗಳವರು ತಮ್ಮ ಬುಟ್ಟಿಗಳನ್ನು ಒಂದೇ ಜಗಲಿಗೆ ತಂದು ಬರೆಯುವ ಏರ್ಪಾಟನ್ನು ಮಾಡಿಕೊಂಡರೆ, ಒಬ್ಬ ನುರಿತ ಹಿರಿಯಳಿಂದ ಹತ್ತು ಹುಡುಗಿಯರು ಕಲಿಯುವರು. ಆ ಕೆಲವು ದಿನ ಹೆಂಗಸರ ಮೇಲಿನ ಮನೆಗೆಲಸವನ್ನೂ ಕೊಟ್ಟಿಗೆಯ ಕೆಲಸವನ್ನೂ ಗಂಡಸರು ಹಂಚಿಕೊಳ್ಳಬೇಕು. ಅಕ್ಕಿ, ಮಣ್ಣು, ನಾರು ಎಲ್ಲವೂ ಇದ್ದರೂ ಹೆಂಗಸರಿಗೆ ಬಿಡುವಿಲ್ಲದಿದ್ದರೆ ಚಿತ್ತಾರವು ಬೆಳೆಯದು.

ಗೆರೆ ಬಲ್ಲ ಅಜ್ಜಿಯರು ಇರುವಾಗಲೇ ಅವರ ಪಕ್ಕದಲ್ಲಿ ಮೊಮ್ಮಕ್ಕಳನ್ನು ಕೂರಿಸುವುದು ಬುದ್ಧಿವಂತಿಕೆ. ಬರುವ ಮುಂಗಾರಿಗೆ ಬತ್ತದ ಸಸಿಮಡಿಯನ್ನು ಸಿದ್ಧಪಡಿಸುವಾಗ ಪುಂಡಿಯ ಬೀಜಕ್ಕೂ ಒಂದು ಮೂಲೆಯನ್ನು ಮೀಸಲಿಟ್ಟರೆ, ಆಶ್ವಯುಜದ ಹೊತ್ತಿಗೆ ಮನೆಯಲ್ಲಿ ನಾರು ಸಿದ್ಧವಾಗಿರುವುದು.